ಅತ್ತೆ ಮಾಡಿಸಿದ ಕಾಲಯಂತ್ರ

ಮೊನ್ನೆ ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಈಗ ಯಾವುದೋ ಪ್ರಯೋಗಾಲಯದಲ್ಲಿ ಕೆಲಸವಂತೆ. ಜೀವಕೋಶಗಳಿಗೆ ಮುಪ್ಪು ಹೇಗೆ ಬರುತ್ತದೆ, ಅದನ್ನು ತಡೆಯುವುದು ಹೇಗೆ ಅನ್ನುವುದು ಅವಳ ವಿಷಯ. "ಮಿಸ್, ಇನ್ನೊಂದಷ್ಟು ವರ್ಷ ಗಟ್ಟಿಯಾಗಿರಿ ಸಾಕು. ಆಮೇಲೆ ಮನುಷ್ಯರು ಇನ್ನೂರು ವರ್ಷ ಬದುಕ್ತಾರೆ" ಎಂದಳು. "ಇನ್ನೂರು ವರ್ಷ ಈ ಮಂಡಿ ಇಟ್ಕೊಂಡಾ?" ಎಂದೆ. ಮಂಡಿಯನ್ನೂ ಬದಲಾಯಿಸಬಹುದಂತೆ. ಸೊಪ್ಪಿನವಳಿಗೆ ನಮ್ಮ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. "ಇನ್ನೂರು ವರ್ಷ ಆಮೇಲ್ ಬದುಕೋರಂತೆ, ಈಗ ಮೆಂತ್ಯ ಬೇಕೋ ಬೇಡ್ವೋ ಹೇಳ್ರಮ್ಮ" ಎಂದಳು. ಎರಡು ಕಟ್ಟು ತೆಗೆದುಕೊಂಡೆ.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ನೆನಪಾದವರು ನನ್ನ ಅತ್ತೆ. ಸಾವನ್ನು ತಡೆಯುವ ಯಂತ್ರ ಬೇಕೆಂದು ನಮ್ಮ ಮನೆಯಲ್ಲಿ ಮೊಟ್ಟಮೊದಲು ಆರ್ಡರ್ ಕೊಟ್ಟವರು ಅವರೇ. ಅದಕ್ಕೆ ಕಾರಣಳಾದವಳು ನಾನು. ನಾನು ಅಂದರೆ ನನ್ನ ವೈಜ್ಞಾನಿಕ ಕಥೆಗಳ ಹುಚ್ಚು.

ಆ ಹುಚ್ಚು ಹಿಡಿದದ್ದು ಮಲ್ಲೇಶ್ವರದಲ್ಲಿ, ತವರುಮನೆಯ ತಾರಸಿಯ ಮೇಲೆ. ಬೇಸಿಗೆಯಲ್ಲಿ ಹಪ್ಪಳ ಒಣಹಾಕಿ ಕಾಗೆ ಓಡಿಸಲು ನನ್ನನ್ನು ಕೂರಿಸುತ್ತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಾಡಿಗೆ ಲೈಬ್ರರಿಯ ಪುಸ್ತಕ. ನನ್ನ ವಯಸ್ಸಿನ ಹುಡುಗಿಯರು ಪ್ರೇಮಕಥೆಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದರೆ ನಾನು ರಾಕೆಟ್ಟಿನ ಕಥೆಗಳನ್ನು ರಾಜಾರೋಷವಾಗಿ ಓದುತ್ತಿದ್ದೆ. ಅಮ್ಮನಿಗೆ ಪ್ರೇಮಕಥೆಯೇ ವಾಸಿ ಅನ್ನಿಸಿರಬೇಕು. ಗಂಡಿನ ಕಡೆಯವರು ನೋಡಲು ಬಂದ ದಿನ ಅವಳು ಮೊದಲು ಎತ್ತಿಟ್ಟದ್ದು ಮೇಜಿನ ಮೇಲಿದ್ದ ಚಂದ್ರಲೋಕವನ್ನು.

ಹಪ್ಪಳ ಕಾಯುತ್ತಿದ್ದ ಅಂಥ ಒಂದು ಮಧ್ಯಾಹ್ನ ಓದಿದ ಕಥೆ ಆರುನೂರು ವರ್ಷಗಳ ಆಚೆಯದು. ಮಂಗಳ ಗ್ರಹದಲ್ಲಿ ಯಾರೋ ಒಬ್ಬಳು ಗಿಡಕ್ಕೆ ನೀರು ಹಾಕುತ್ತಿದ್ದಳು. ಓದುತ್ತ ಓದುತ್ತ ಇದ್ದಕ್ಕಿದ್ದ ಹಾಗೆ ಹೊಳೆಯಿತು: ಅವಳು ನೀರು ಹಾಕುವ ಹೊತ್ತಿಗೆ ನಾನಿಲ್ಲ. ಅಮ್ಮ ಇಲ್ಲ, ಈ ಹಪ್ಪಳ ಇಲ್ಲ, ಈ ಕಾಗೆಯೂ ಇಲ್ಲ. ಕಥೆಯಲ್ಲಿ ಎಲ್ಲೂ ಹಾಗೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಮುಂದಿನ ಕಾಲದ ಕಥೆಯನ್ನು ಕೈಗೆತ್ತಿಕೊಂಡವರು ಮೊದಲ ಪುಟ ತಿರುಗಿಸುವ ಮುಂಚೆಯೇ ಆ ಕಥೆಯೊಳಗೆ ಸತ್ತಿರುತ್ತಾರೆ. ನನಗೆ ದೆವ್ವದ ಕಥೆಗಳ ಭಯವಿರಲಿಲ್ಲ. ಅಲ್ಲಿ ಸತ್ತವರು ಹೇಗಾದರೂ ವಾಪಸ್ಸು ಬರುತ್ತಾರೆ, ಬದುಕಿರುವವರು ಅವರಿಗೆ ಹೆದರುತ್ತಾರೆ, ಅಷ್ಟರಮಟ್ಟಿಗೆ ಒಂದು ಮರ್ಯಾದೆ. ಇಲ್ಲಿ ನಾವು ಇಲ್ಲ ಅನ್ನುವುದನ್ನು ಯಾರೂ ಗಮನಿಸಿಯೂ ಇರುವುದಿಲ್ಲ. ಕೋಲು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳು ಬಂತು. ಕಾಗೆಗಳು ತಮ್ಮ ಪಾಲಿನದನ್ನು ತೆಗೆದುಕೊಂಡು ಹೋದವು. ಅಮ್ಮ ಬಂದು ಬೈದಳು. ಹಪ್ಪಳ ಹೋಯಿತೆಂದು ಅಳುತ್ತಿದ್ದೇನೆ ಎಂದುಕೊಂಡು ಆಮೇಲೆ ಸಮಾಧಾನವನ್ನೂ ಮಾಡಿದಳು. ಮಾರನೆಯ ದಿನ ಅದೇ ಪುಸ್ತಕದ ಮುಂದಿನ ಕಥೆ ಓದಿದೆ. ಚಟ ಹತ್ತಿಬಿಟ್ಟಿತ್ತು.

ಮದುವೆಯಾಗಿ ಬಂದದ್ದು ಚಾಮರಾಜಪೇಟೆಗೆ. ಮಲ್ಲೇಶ್ವರದ ನಮ್ಮವರಿಗೆ ಮೆಜೆಸ್ಟಿಕ್ ದಾಟಿದರೆ ಪರದೇಶ. ಶೇಷಾದ್ರಿಪುರಂ, ವೈಯಾಲಿಕಾವಲ್ ಆದರೆ ನಡೆದುಕೊಂಡು ಹೋಗಿ ಬರಬಹುದು, ಚಾಮರಾಜಪೇಟೆಗೆ ಯಾಕೆ ಕೊಟ್ಟಿರಿ ಎಂದು ನಮ್ಮ ದೊಡ್ಡಮ್ಮ ಮದುವೆಯ ಚಪ್ಪರದಲ್ಲೇ ಕೇಳಿದ್ದರು. ಬಸವನಗುಡಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮೇಷ್ಟರ ಕೆಲಸ ಮಾಡುವ ಸೊಸೆಯನ್ನು ಆ ಮನೆ ಸಂತೋಷವಾಗಿಯೇ ಒಪ್ಪಿಕೊಂಡಿತು. ಅದರಲ್ಲೂ ಮಾವ.

ಮಾವ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಏನು ಹೇಳಿದರೂ ಅವರ ಮೊದಲ ಪ್ರಶ್ನೆ "ರುಜುವಾತು ಏನು?" ಎಂಬುದು. ಮಳೆ ಬರುವ ಹಾಗಿದೆ ಅಂದರೂ ರುಜುವಾತು ಕೇಳುತ್ತಿದ್ದರು. ಒಮ್ಮೆ ಅವರ ತಂಗಿ ಯಾತ್ರೆಗೆ ಹೋಗಿ ಬಂದು, ಒಳ್ಳೆಯದಾಗಲಿ ಎಂದು ಅಣ್ಣನ ಕೈಗೆ ಒಂದು ತಾಯಿತ ಕಟ್ಟಿದರು. ಮಾವ ಅವರ ಎದುರಿಗೇ ನೇಲ್ ಕಟರ್ ತರಿಸಿ ದಾರ ಕತ್ತರಿಸಿ, "ಒಳ್ಳೆಯದು ಆಗಲೇ ಆಗಿದೆ, ಕಾಫಿ ಕುಡಿ" ಎಂದರು. ಆ ತಂಗಿ ಎರಡು ವರ್ಷ ಮಾತು ಬಿಟ್ಟರು. ಅತ್ತೆ ಇದಕ್ಕೆ ತದ್ವಿರುದ್ಧ. ದಿನಾ ಪೂಜೆ, ತಿಂಗಳಿಗೊಂದು ವ್ರತ. ಆದರೂ ಇವರಿಬ್ಬರೂ ದೇವರ ವಿಷಯಕ್ಕೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಬೆಳಗ್ಗೆ ಎದ್ದು ಪೂಜೆಗೆ ಹೂವು ಬಿಡಿಸಿ ತರುತ್ತಿದ್ದವರು ಮಾವನೇ. ತಂದು ದೇವರ ಮನೆಯ ಹೊಸ್ತಿಲ ಮೇಲಿಟ್ಟು, ಕೈ ಮಾತ್ರ ಮುಗಿಯದೆ ಹೊರಟುಬಿಡುತ್ತಿದ್ದರು.

ಮಾರ್ಕೆಟ್ಟಿನ ಕಡೆ ಮೆಟ್ರೋಗೆ ಸುರಂಗ ಕೊರೆಯುತ್ತಿದ್ದ ವರ್ಷಗಳಲ್ಲಿ ಮಾವನಿಗೆ ಎಂಬತ್ತು ದಾಟಿತ್ತು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಆಗಲೇ ತಿಂದುಹಾಕಿತ್ತು. ಆಮೇಲೆ ಹೃದಯ ಕೈಕೊಡತೊಡಗಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನ ಗಂಡನನ್ನೂ ನನ್ನನ್ನೂ ಕೂರಿಸಿಕೊಂಡು, ಇದು ಆಪರೇಷನ್ ಮಾಡುವ ವಯಸ್ಸಲ್ಲ, ಮನೆಗೆ ಕರೆದುಕೊಂಡು ಹೋಗಿ, "ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಡಾಕ್ಟರು ಆ ಮಾತು ಹೇಳಿದರೆ ಅದರ ಅರ್ಥವೇನು ಅನ್ನುವುದು ಎಲ್ಲರಿಗೂ ಗೊತ್ತು. ಅತ್ತೆಗೂ ಗೊತ್ತಿತ್ತು. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು. ಬೆಳಗುವುದು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ಮದುವೆಯಾದಾಗ ಅವರಿಗೆ ಹದಿನೇಳು ವರ್ಷ. ಮಾವನಿಲ್ಲದ ಮನೆ ಎಂಬ ಒಂದು ಮನೆಯನ್ನು ಅವರು ಕಂಡೇ ಇರಲಿಲ್ಲ. ಕಾಣುವ ಮನಸ್ಸೂ ಅವರಿಗಿರಲಿಲ್ಲ. ಮಾವನನ್ನು ಏನಾದರೂ ಮಾಡಿ ಉಳಿಸಿಕೊಳ್ಳಬೇಕು, ಆದರೆ ಮಾಡುವುದಕ್ಕೆ ಏನೂ ಇಲ್ಲ.

ಶಾಲೆಯಿಂದ ಬಂದ ಮೇಲೆ ಸಾಯಂಕಾಲ ಮಾವನಿಗೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಒಂದು ದಿನ ಪೇಪರು ಬಿಡಿಸುತ್ತಿದ್ದ ಹಾಗೇ ಮಾವ ಕೈಯಾಡಿಸಿ ತಡೆದರು.

"ಅದು ಬೇಡಮ್ಮ. ಅದರಲ್ಲಿ ಬರೋದೆಲ್ಲ ನಾನು ಆಗಲೇ ನೋಡಿರೋದೇ. ಹೆಸರು ಬೇರೆ ಅಷ್ಟೆ. ಏನಾದ್ರೂ ಮುಂದಿಂದು ಓದು."

"ಮುಂದಿಂದು ಅಂದ್ರೆ?"

"ನೀನು ಓದ್ತೀಯಲ್ಲ, ರಾಕೆಟ್ಟು ಗೀಕೆಟ್ಟು. ಅದನ್ನೇ ಓದು. ಹೆಂಗೂ ನಾನು ನೋಡೋಕಾಗಲ್ಲ, ಕೇಳಾದ್ರೂ ಕೇಳ್ತೀನಿ."

ಆಗ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯೊಂದು ಬರುತ್ತಿತ್ತು. ಒಬ್ಬ ನಿವೃತ್ತ ಎಂಜಿನಿಯರು ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಕಾಲಯಂತ್ರ ಮಾಡುತ್ತಾನೆ. ದೊಡ್ಡ ಪೆಟ್ಟಿಗೆಯಂಥದ್ದಲ್ಲ, ತೋಳಿಗೆ ಕಟ್ಟಿಕೊಳ್ಳುವ ಪಟ್ಟಿ. ಅದನ್ನು ಕಟ್ಟಿಕೊಂಡು ಐನೂರು ವರ್ಷ ಮುಂದಿನ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಯಾರಿಗೂ ಸಾವಿಲ್ಲ. ಸಾವಿಲ್ಲದ್ದರಿಂದ ಜಾಗವಿಲ್ಲ, ಜಾಗವಿಲ್ಲದ್ದರಿಂದ ಮಕ್ಕಳನ್ನು ಹೆರುವ ಹಾಗಿಲ್ಲ. ಇಡೀ ಊರಿನಲ್ಲಿ ಒಂದು ಮಗುವಿನ ಗಲಾಟೆಯಿಲ್ಲ. ಯಾರಿಗೂ ಯಾವುದಕ್ಕೂ ಅವಸರವಿಲ್ಲ. ಗೆಳೆಯರು ಭೇಟಿಯಾಗೋಣ ಎಂದರೆ ಇನ್ನೊಂದು ಎಂಬತ್ತು ವರ್ಷ ಬಿಟ್ಟು ಸಿಗೋಣ ಅನ್ನುತ್ತಾರೆ. ಈ ಯಂತ್ರ ತೋಳಿನ ಮೇಲಿರುವವರೆಗೆ ಕಾಲ ಅವನನ್ನು ಮುಟ್ಟಲಾರದು ಎಂಬ ಮಾತು ಪ್ರತಿ ಕಂತಿನಲ್ಲೂ ಒಮ್ಮೆ ಬರುತ್ತಿತ್ತು.

ಮಾವನಿಗೆ ಅದು ಹಿಡಿಸಿಬಿಟ್ಟಿತು. ಗುರುವಾರ ಪತ್ರಿಕೆ ಬರುವ ದಿನ ಮಧ್ಯಾಹ್ನದಿಂದಲೇ ಬಾಗಿಲ ಕಡೆ ಕಿವಿ ಇಟ್ಟು ಕಾಯುತ್ತಿದ್ದರು. "ಯಾರೂ ಸಾಯದೆ ಹೋದ್ರೆ ಪಿಂಚಣಿ ಕೊಡೋರ್ಯಾರು? ಆ ಸರ್ಕಾರದ ಗತಿ ಏನಮ್ಮ?" ಎಂದು ನಿಜವಾಗಿಯೂ ಚಿಂತೆ ಮಾಡುತ್ತಿದ್ದರು. ಒಮ್ಮೆ ಮಾತು ಸೂರ್ಯನ ಕಡೆಗೆ ಹೋಯಿತು. ಐನೂರು ಕೋಟಿ ವರ್ಷಗಳಾದ ಮೇಲೆ ಸೂರ್ಯನೂ ಮುಗಿದುಹೋಗುತ್ತಾನೆ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ.

"ಅಷ್ಟು ದೊಡ್ಡ ಸೂರ್ಯನೇ ಹೋಗ್ತಾನೆ ಅಂದ್ಮೇಲೆ ನಂದೇನಮ್ಮ, ಪಿಂಚಣಿದಾರ" ಎಂದರು. ಮಾವನ ಮುಖ ಹಗುರವಾಗಿತ್ತು.

ನಡುಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆಗೆ ಅದು ಕೇಳಿಸಿತು. "ಸೂರ್ಯ ಹೋದ್ರೆ ಹೋಗ್ಲಿ. ಅವನಿಗೇನು ಹೆಂಡ್ತಿ ಮಕ್ಕಳಾ?"

"ಇಬ್ಬರು ಹೆಂಡ್ತೀರು ಕಣೇ. ಪುರಾಣ ನಿನಗೇ ಗೊತ್ತಿರ್ಬೇಕು" ಎಂದರು ಮಾವ.

ಹುರುಳಿಕಾಯಿ ಮುರಿಯುವ ಸದ್ದು ಜೋರಾಯಿತು.

ಆಮೇಲಿನ ವಾರ ಅತ್ತೆ ತಾವಾಗಿಯೇ ಕಥೆಯ ವಿಷಯ ಕೇಳಿದರು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ.

"ಆ ಯಂತ್ರ ಯಾವ ಲೋಹದ್ದೇ?"

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಇನ್ನೊಬ್ಬರಿಗೆ ನನ್ನ ಕಥೆಗಳ ರುಚಿ ಹತ್ತಿತಲ್ಲ! "ಕಥೇಲಿ ಹೇಳಿಲ್ಲ ಅತ್ತೆ. ತಾಮ್ರ ಇರ್ಬೇಕು. ಕರೆಂಟು ಹರಿಯೋಕೆ ತಾಮ್ರನೇ ಒಳ್ಳೇದು" ಎಂದೆ.

"ತಾಮ್ರನೇ ಇರುತ್ತೆ ಬಿಡು. ಯಾವ ತೋಳಿಗೆ ಕಟ್ಕೋತಾನೆ?"

"ಎಡಗಡೆ."

"ಗಂಡಸರಿಗೆ ಬಲಗಡೆ ಅಲ್ವಾ?"

"ಅವನು ಎಡಚ ಇರ್ಬೇಕು ಅತ್ತೆ" ಎಂದು ನಕ್ಕೆ. ಅತ್ತೆ ನಗಲಿಲ್ಲ. ಕಟ್ಟಿಕೊಳ್ಳುವ ಮುಂಚೆ ಸ್ನಾನ ಮಾಡಿದ್ದನಾ ಎಂದೂ ಕೇಳಿದರು. ಕಥೆ ಬರೆದವರು ಇಂಥ ವಿವರಗಳನ್ನೆಲ್ಲ ಕೊಟ್ಟಿಲ್ಲ ಎಂದೆ. "ಮುಖ್ಯವಾದ್ದೇ ಬರೆಯಲ್ಲ ನೋಡು" ಎಂದು ಗೊಣಗಿಕೊಂಡು ಹೋದರು. ಒಳ್ಳೆಯ ಓದುಗರು, ವಿವರಕ್ಕೆ ಬೆಲೆ ಕೊಡುತ್ತಾರೆ ಎಂದುಕೊಂಡೆ. ವಿಜ್ಞಾನದ ಮೇಷ್ಟರ ಬುದ್ಧಿ ಅಷ್ಟೇ ಓಡಿದ್ದು.

ಕೆಲವು ದಿನ ಕಳೆದು ಒಂದು ಭಾನುವಾರ ಬೆಳಗ್ಗೆ ಜೋಯಿಸರು ಬಂದರು. ಶಂಕರಪುರದ ಗಲ್ಲಿಯೊಂದರಲ್ಲಿ ಅವರ ಮನೆ. ಮುಹೂರ್ತ ಇಟ್ಟುಕೊಡುವುದು, ಜಾತಕ ನೋಡುವುದು, ತಾಮ್ರದ ತಗಡಿನ ಮೇಲೆ ಯಂತ್ರ ಬರೆದುಕೊಡುವುದು ಅವರ ಕೆಲಸ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಮಾವ ಮುಂದಿನ ಕೋಣೆಯ ಮಂಚದ ಮೇಲೆ ಒರಗಿಕೊಂಡಿದ್ದರು. ಜೋಯಿಸರು ಕುರ್ಚಿಯ ಅಂಚಿನಲ್ಲಿ ಕೂತು, ಚೀಲದಿಂದ ಏನೂ ಬರೆಯದ ಒಂದು ತಾಮ್ರದ ತಗಡು ತೆಗೆದು ನನಗೆ ತೋರಿಸಿದರು.

"ನೋಡಿಮ್ಮ, ಮೃತ್ಯುಂಜಯ ಯಂತ್ರ ಗೊತ್ತು. ಸುದರ್ಶನ ಯಂತ್ರ ಗೊತ್ತು. ನಮ್ಮ ತಂದೆ ಬರೀತಿದ್ದರು, ನಾನೂ ಬರೀತೀನಿ. ಮೃತ್ಯುಂಜಯನೇ ಮಾಡಿಕೊಡ್ತೀನಿ ಅಂದ್ರೆ ನಿಮ್ಮ ಅತ್ತೆಯೋರು ಒಪ್ತಿಲ್ಲ. ಕಾಲಯಂತ್ರನೇ ಆಗ್ಬೇಕು ಅಂತಾರೆ. ಅದಕ್ಕೆ ಬೀಜಾಕ್ಷರ ಯಾವುದು ಅಂತ ನನಗೆ ಗೊತ್ತಿಲ್ಲ. ವಾರಪತ್ರಿಕೇಲಿ ಬಂದಿದೆಯಂತಲ್ಲ, ಸ್ವಲ್ಪ ತೋರಿಸ್ತೀರಾ?"

ಆಗ ನನಗೆ ಹೊಳೆಯಿತು. ಕಾಲ ಅಂದರೆ ನನಗೆ ಗಡಿಯಾರ, ಅತ್ತೆಗೆ ಯಮ. ಯಂತ್ರ ಅಂದರೆ ನನಗೆ ಮೆಷೀನು, ಅತ್ತೆಗೆ ತಾಯಿತ. ಅದನ್ನು ತೋಳಿಗೆ ಕಟ್ಟಿಕೊಂಡರೆ ಕಾಲ ಮುಟ್ಟಲಾರದು ಎಂದು ನಾನೇ ವಾರ ವಾರ ಗಟ್ಟಿಯಾಗಿ ಓದಿ ಹೇಳಿದ್ದೇನೆ. ಕನ್ನಡದಲ್ಲಿ ಓದಿದ ಆ ವಾಕ್ಯವನ್ನು ಅವರು ಕನ್ನಡದಲ್ಲೇ ಅರ್ಥ ಮಾಡಿಕೊಂಡಿದ್ದಾರೆ. ತಪ್ಪು ಹುಡುಕಿದರೂ ಸಿಗುವ ಹಾಗಿರಲಿಲ್ಲ.

ಪತ್ರಿಕೆಗಳನ್ನು ತಂದುಕೊಟ್ಟೆ. ಜೋಯಿಸರು ಕನ್ನಡಕ ಏರಿಸಿ ಓದಲು ಶುರುಮಾಡಿದರು. ಒಂದು ಕಂತು ಓದಿ ಇನ್ನೊಂದಕ್ಕೆ ಕೈಚಾಚಿದರು. ಮೂರನೆಯದನ್ನೂ ಮುಗಿಸಿ ತಲೆಯೆತ್ತಿ, ದನಿ ತಗ್ಗಿಸಿ, "ಇದು ಬೇರೆ ಯಂತ್ರ ಅಲ್ವೇನಮ್ಮ?" ಎಂದರು.

"ಹೌದು."

"ಅಲ್ಲಾ, ಆಮೇಲೆ ಆ ಎಂಜಿನಿಯರು ವಾಪಸ್ ಬರ್ತಾನೋ?"

"ಇನ್ನೂ ಬಂದಿಲ್ಲ."

ಅಷ್ಟರಲ್ಲಿ ಮಂಚದ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಎದೆನೋವು ಬಂತೇನೋ ಎಂದು ಗಾಬರಿಯಿಂದ ತಿರುಗಿದೆ. ಮಾವ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಸದ್ದು ಮಾಡದೆ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದರು. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ಒಳಗಿನ ಕಡೆ ಮುಖ ಮಾಡಿ ಕರೆದರು.

"ಇವಳೇ, ಸ್ವಲ್ಪ ಬಾ ಇಲ್ಲಿ."

ಅತ್ತೆ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದರು. ಜೋಯಿಸರನ್ನೂ ತಗಡನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಯಂತ್ರ ಮಾಡಿಸ್ತಿದೀಯಂತೆ" ಎಂದರು ಮಾವ.

"ಪತ್ರಿಕೇಲಿ ಹಾಕಿದಾರಲ್ಲ. ಓದಿದೋರೇ ತಾನೇ ಬರೆದಿರೋದು? ನೀವು ವಾರ ವಾರ ಕೂತ್ಕೊಂಡು ಕೇಳಬಹುದು, ನಾನು ಮಾಡಿಸಿದ್ರೆ ತಪ್ಪಾ?"

"ತಪ್ಪಲ್ಲ ಕಣೇ. ಆದ್ರೆ ಆ ಯಂತ್ರದ ಕೆಲಸ ಬೇರೆ. ಅದನ್ನ ಕಟ್ಕೊಂಡ್ರೆ ಮನುಷ್ಯ ಐನೂರು ವರ್ಷ ಮುಂದಕ್ಕಾದ್ರೂ ಹೋಗ್ಬಹುದು, ಹಿಂದಕ್ಕಾದ್ರೂ ಹೋಗ್ಬಹುದು. ನೀನು ನನ್ನನ್ನ ಎಲ್ಲಿಗೆ ಕಳಿಸ್ಬೇಕು ಅಂತಿದೀಯ?"

"ಎಲ್ಲಿಗೂ ಕಳಿಸಲ್ಲ" ಎಂದರು ಅತ್ತೆ. "ಇಲ್ಲೇ ಇರ್ಲಿ ಅಂತ ಮಾಡಿಸ್ತಿರೋದು."

ಜೋಯಿಸರು ಪತ್ರಿಕೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಮಾವನ ಮುಖದಲ್ಲಿದ್ದ ನಗು ಎಲ್ಲಿಗೋ ಹೋಯಿತು. ಜೋಯಿಸರಿದ್ದ ದಿಕ್ಕಿಗೆ ತಿರುಗಿ, "ಮಾಡಿ ಜೋಯಿಸರೇ. ಬೀಜಾಕ್ಷರ ನಿಮಗೆ ಬಿಟ್ಟಿದ್ದು" ಎಂದರು.

ತಗಡಿನ ಮೇಲೆ ಜೋಯಿಸರು ಏನು ಬರೆದರೋ ನಾನು ಕೇಳಲಿಲ್ಲ. ಅದನ್ನು ಸುರುಳಿ ಸುತ್ತಿ ಕೆಂಪು ದಾರದಲ್ಲಿ ಕಟ್ಟಿ ತಂದುಕೊಟ್ಟರು. ಅತ್ತೆ ಮಾವನ ಬಲತೋಳಿಗೆ ಕಟ್ಟಿದರು. ತಂಗಿ ಕಟ್ಟಿದ ತಾಯಿತ ಕತ್ತರಿಸಿದ್ದ ಮನುಷ್ಯ ಶರಟಿನ ತೋಳು ತಾವೇ ಮೇಲೆ ಸರಿಸಿಕೊಂಡು ಕೂತಿದ್ದರು. ನನಗೆ ಮಾತ್ರ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಪಕ್ಷದಲ್ಲಿದ್ದವರು ಕೊನೆಯ ಗಳಿಗೆಯಲ್ಲಿ ಆ ಕಡೆ ಹಾರಿದರಲ್ಲ ಎಂದು. ಅತ್ತೆ ಒಳಗೆ ಹೋದ ಮೇಲೆ ಕೇಳಿಯೇಬಿಟ್ಟೆ.

"ನೀವೂನಾ ಮಾವ? ರುಜುವಾತು ಏನು?"

"ಕೂತ್ಕೋ" ಎಂದರು. "ನಾನು ಬದುಕ್ತೀನಿ ಅಂತ ಕಟ್ಟಿಸ್ಕೊಂಡಿಲ್ಲಮ್ಮ. ಡಾಕ್ಟರು ಮಾಡೋದು ಡಾಕ್ಟರು ಮಾಡಿದ್ರು. ಮಾತ್ರೆ ನಿನ್ನ ಗಂಡ ಕೊಡ್ತಾನೆ, ಓದೋದು ನೀನು ಓದ್ತೀಯ. ಅವಳಿಗೆ ಏನು ಕೆಲಸ ಉಳಿದಿತ್ತು ಹೇಳು, ಪಾತ್ರೆ ತಿಕ್ಕೋದು ಬಿಟ್ಟು?"

ನಿಜ, ಪಾತ್ರೆಗಳು ಅಟ್ಟಕ್ಕೆ ವಾಪಸ್ಸು ಹೋಗಿದ್ದವು. ನಾನು ಅದನ್ನು ಗಮನಿಸಿರಲಿಲ್ಲ. ಕಣ್ಣಿಲ್ಲದ ಮಾವ ಗಮನಿಸಿದ್ದರು.

ಆಮೇಲಿನ ಎರಡು ತಿಂಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಆ ಕೋಣೆಗೆ ಹೋಗಿ ಕೂರಬೇಕು ಅನ್ನಿಸುತ್ತದೆ. ಗುರುವಾರದ ಸಾಯಂಕಾಲ ನಾವು ಮೂವರು. ಆಗೊಮ್ಮೆ ಈಗೊಮ್ಮೆ ಜೋಯಿಸರೂ ಏನಾದರೊಂದು ನೆವ ಮಾಡಿಕೊಂಡು ಬರುತ್ತಿದ್ದರು, ಹಿಂದಿನ ವಾರ ಏನಾಯಿತು ಎಂದು ತಿಳಿದುಕೊಳ್ಳಲು. ಅತ್ತೆ ಈಗ ನಡುಮನೆಯಲ್ಲಿ ಕೂರುತ್ತಿರಲಿಲ್ಲ, ಮಂಚದ ಕಾಲುದೆಸೆಯಲ್ಲೇ ಕೂತು ಕೇಳುತ್ತಿದ್ದರು. ಯಂತ್ರ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅವರಿಗೆ ನೂರು ಪ್ರಶ್ನೆ. ಸಾವಿಲ್ಲದ ಊರಿನಲ್ಲಿ ಹಬ್ಬ ಮಾಡುತ್ತಾರಾ? ಮಕ್ಕಳಿಲ್ಲದ ಮೇಲೆ ಯಾರಿಗಾಗಿ ಹಬ್ಬ? ವಯಸ್ಸೇ ಆಗದಿದ್ದರೆ ಯಾರು ಯಾರಿಗೆ ನಮಸ್ಕಾರ ಮಾಡಬೇಕು? ಕಥೆಯಲ್ಲಿ ಇದಕ್ಕೆಲ್ಲ ಉತ್ತರವಿರಲಿಲ್ಲ. ಜೀವಮಾನವಿಡೀ ಇಂಥ ಕಥೆಗಳನ್ನು ಓದಿದ ನನಗೂ ಆ ಪ್ರಶ್ನೆಗಳು ಹುಟ್ಟಿರಲಿಲ್ಲ. ಮಾವ ತೋಳು ತಟ್ಟಿಕೊಂಡು, "ಯಂತ್ರ ಇದೆ, ಇನ್ನೊಂದು ಲೋಟ ಕಾಫಿ ಕೊಡೇ" ಅನ್ನುತ್ತಿದ್ದರು. ಅತ್ತೆ ಅರ್ಧ ಲೋಟ ಕೊಡುತ್ತಿದ್ದರು. ದೂರದಲ್ಲಿ ಸುರಂಗ ಕೊರೆಯುವ ಕೆಲಸ ನಡೆಯುತ್ತಿತ್ತು. ಮುಂದೆ ಅಲ್ಲಿ ರೈಲು ಓಡುತ್ತದೆ, ಮಲ್ಲೇಶ್ವರಕ್ಕೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೋಗಬಹುದು ಎಂದು ಹೇಳಿದರೆ ಮಾವ ಖುಷಿಯಿಂದ ಕೇಳುತ್ತಿದ್ದರು. ಆ ರೈಲಿನಲ್ಲಿ ತಾವಿರುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾರಸಿಯ ಮೇಲೆ ನನ್ನನ್ನು ಅಳಿಸಿದ್ದ ಅದೇ ಸಂಗತಿಯನ್ನು ಅವರು ಕಾಫಿಯ ಜೊತೆ ಕೇಳುತ್ತಿದ್ದರು.

ಮಾವ ಹೋದದ್ದು ಒಂದು ಮಧ್ಯಾಹ್ನ, ಊಟವಾಗಿ ಮಲಗಿದ್ದಾಗ. ಧಾರಾವಾಹಿ ಇನ್ನೂ ಮೂರು ವಾರ ಬಾಕಿಯಿತ್ತು. ತೋಳಿನ ದಾರವನ್ನು ಅತ್ತೆಯೇ ಬಿಚ್ಚಿದರು. ಕತ್ತರಿಸಲು ಬಿಡಲಿಲ್ಲ, ನಿಧಾನವಾಗಿ ಗಂಟು ಬಿಡಿಸಿ ತೆಗೆದು, ಸುದ್ದಿ ತಿಳಿದು ಬಂದಿದ್ದ ಜೋಯಿಸರ ಕೈಗೆ ಕೊಟ್ಟರು. ಯಂತ್ರ ಕೆಲಸ ಮಾಡಲಿಲ್ಲ ಎಂದು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಪೇಪರಿಗೆ ಕೊಡಬೇಕಾದ ಸುದ್ದಿಯನ್ನು ನನ್ನ ಗಂಡ ಬರೆದು ಗಟ್ಟಿಯಾಗಿ ಓದಿದಾಗ ಕೊನೆಯಲ್ಲಿ "ಕಾಲವಾದರು" ಎಂದು ಬಂತು. ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಸಾವಿರ ಸಲ ಓದಿದ್ದ, ಬರೆದಿದ್ದ ಮಾತು. ಅದರೊಳಗೂ ಕಾಲವೇ ಕೂತಿದೆ ಅನ್ನುವುದು ಅವತ್ತಿನವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದರು. ಒಂದು ಸಾಯಂಕಾಲ ಅತ್ತೆ ಖಾಲಿ ಮಂಚದ ಕಾಲುದೆಸೆಯಲ್ಲಿ, ತಮ್ಮ ಜಾಗದಲ್ಲೇ ಕೂತು, "ಉಳಿದಿದ್ದು ಓದೇ" ಎಂದರು. ಬೇಡ ಅನ್ನಲು ನನಗೆ ಧೈರ್ಯವಾಗಲಿಲ್ಲ. ಮೂರು ಕಂತನ್ನೂ ಒಟ್ಟಿಗೆ ಓದಿದೆ. ಕಥೆಯ ಕೊನೆಯಲ್ಲಿ ಆ ಎಂಜಿನಿಯರಿನ ಯಂತ್ರದ ಶಕ್ತಿ ಮುಗಿಯುತ್ತ ಬರುತ್ತದೆ. ಇನ್ನು ಒಂದೇ ಸಲ ಹೋಗಬಹುದು. ಅವನು ಸಾವಿಲ್ಲದ ಊರನ್ನು ಬಿಟ್ಟು, ತನ್ನ ಹಳೆಯ ಮನೆಯ ಒಂದು ಮಾಮೂಲಿ ಸಾಯಂಕಾಲಕ್ಕೆ ಹೋಗುತ್ತಾನೆ. ಗೇಟಿನ ಹತ್ತಿರ ನಿಂತುಕೊಳ್ಳುತ್ತಾನೆ. ಹೆಂಡತಿ ಹೊರಗೆ ಬಂದು ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಅವಳಿಗೆ ಅವನು ಕಾಣುವುದಿಲ್ಲ. ಅಲ್ಲಿಗೆ ಮುಗಿಯಿತು. ನನಗೇನೂ ಅಷ್ಟು ದೊಡ್ಡ ಮುಕ್ತಾಯ ಅನ್ನಿಸಲಿಲ್ಲ. ಪತ್ರಿಕೆ ಮಡಿಚಿದೆ.

"ಆ ಸಾಯಂಕಾಲ ಹಾಗೇ ಇತ್ತಾ?" ಎಂದು ಕೇಳಿದರು ಅತ್ತೆ.

"ಅಂದ್ರೆ?"

"ಅವನು ವಾಪಸ್ ಹೋದ್ನಲ್ಲ. ಹೋಗ್ಬೇಕು ಅಂದ್ರೆ ಅದು ಅಲ್ಲಿರ್ಬೇಕು ತಾನೇ? ಕಳೆದುಹೋಗಿದ್ರೆ ಎಲ್ಲಿಗೆ ಹೋಗ್ತಿದ್ದ?"

ಶಾಲೆಯಲ್ಲಿ ಮಕ್ಕಳು ಯಾರೂ ಕೇಳಿರದ ಪ್ರಶ್ನೆ. "ಕೆಲವು ವಿಜ್ಞಾನಿಗಳು ಹಾಗೇ ಅಂತಾರೆ ಅತ್ತೆ. ಈಗ ನಾವು ಐದನೇ ಮೇನ್ ದಾಟಿ ಮಾರ್ಕೆಟ್ಟಿಗೆ ಬಂದ್ವಿ ಅನ್ಕೊಳ್ಳಿ. ಐದನೇ ಮೇನ್ ಇಲ್ದೇ ಹೋಗಲ್ಲ. ಅದು ಅಲ್ಲೇ ಇರುತ್ತೆ, ನಾವು ಅಲ್ಲಿಲ್ಲ ಅಷ್ಟೆ. ಕಳೆದ ದಿನಗಳೂ ಹಾಗೇ ಎಲ್ಲ ಇದಾವೆ ಅಂತಾರೆ. ಆದ್ರೆ ಹಿಂದಕ್ಕೆ ಹೋಗೋಕೆ ದಾರಿ ಇಲ್ಲ."

"ದಾರಿ ಬೇಡ. ಇದೆಯಾ ಇಲ್ವಾ ಅಷ್ಟು ಹೇಳು."

"ಯಾಕತ್ತೆ?"

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರಕ್ಕೆ ಸರಿದರು. "ನಿನ್ನ ಗಂಡನಿಗೆ ಹೇಳ್ಬೇಡ. ಡಾಕ್ಟರು ಇವರಿಗೆ ಉಪ್ಪು ಮುಟ್ಟಿಸ್ಬೇಡಿ ಅಂದಿದ್ರಲ್ಲ. ನಾನು ಅಷ್ಟು ದಿನಾನೂ ಸಪ್ಪೆ ಸಾರೇ ಹಾಕಿದೀನಿ. ಮುಖ ಕಿವಿಚ್ಕೊಂಡು ತಿನ್ನೋರು, ಒಂದು ಮಾತಾಡ್ತಿರ್ಲಿಲ್ಲ. ಒಂದು ದಿನ ನೀವಿಬ್ರೂ ಮತ್ತಿಕೆರೆಗೆ ಮದುವೆಗೆ ಹೋಗಿದ್ರಿ. ಅವತ್ತು ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಎಲ್ಲರಿಗೂ ಹಾಕೋ ಹಾಗೆ ಉಪ್ಪು ಹಾಕ್ಬಿಟ್ಟೆ."

"ಮಾವ ಏನಂದ್ರು?"

"ಏನೂ ಅನ್ಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಚಪ್ಪರಿಸಿದ್ರು. ಆಮೇಲೆ ನಾನಿರೋ ಕಡೆ ತಿರುಗಿ ನಕ್ರು. ಸಾರು ಅನ್ನ ಮುಗಿಸಿ, ಇನ್ನೊಂದು ಸೌಟು ಹಾಕು ಅಂತ ತಟ್ಟೆ ಮುಂದಕ್ಕೆ ತಳ್ಳಿದ್ರು." ಅತ್ತೆ ಖಾಲಿ ಮಂಚದ ಮೇಲೆ ಕೈಯಿಟ್ಟರು. "ಆ ಊಟಾನೂ ಇದೆಯಾ? ಹಾಗೇ?"

ವಿಜ್ಞಾನಿಗಳಲ್ಲಿ ಎಷ್ಟು ಜನ ಇದನ್ನು ಒಪ್ಪುತ್ತಾರೆ, ಎಷ್ಟು ಜನ ಒಪ್ಪುವುದಿಲ್ಲ, ಇದರಲ್ಲಿ ಎಷ್ಟು 'ಆದರೆ'ಗಳಿವೆ ಅನ್ನುವುದೆಲ್ಲ ನನಗೆ ಗೊತ್ತಿತ್ತು. ನನ್ನ ಬಳಿ ಒಂದು ರುಜುವಾತೂ ಇರಲಿಲ್ಲ.

"ಇದೆ ಅತ್ತೆ" ಎಂದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹಾಗಾದ್ರೆ ನಿಧಾನಕ್ಕೆ ಊಟ ಮಾಡ್ಲಿ ಬಿಡು" ಎಂದರು.